ಗುರುಸಿದ್ದಮ್ಮನ ಹೇಳಿಕೆ

ದಯಾನಂದ್ ಸಾರ್ ಪಾಠ ಮಾಡುವಾಗ ಬೇರೆ ಏನನ್ನು ಮರೆತರೂ ಅಡಿಟಿಪ್ಪಣಿಯನ್ನು ಮರೆಯುತ್ತಿರಲಿಲ್ಲ. ತಿಪಟೂರಿನ ಆ ಕಾಲೇಜಿಗೆ ಕನ್ನಡ ಎಂ.ಎ. ಓದಲು ಬಂದವರಿಗೆಲ್ಲ ಮೊದಲ ವಾರವೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು: ಲೇಖಕರ ಹೆಸರು, ಕೃತಿಯ ಹೆಸರು, ಪ್ರಕಾಶಕರು, ವರ್ಷ, ಪುಟ. "ಒಬ್ಬರ ಮಾತನ್ನ ತಗೊಂಡ ಮೇಲೆ ಅವರ ಹೆಸರು ಹೇಳ್ಬೇಕು ಕಣ್ರಪ್ಪ. ಹೇಳ್ದೆ ಇದ್ರೆ ಅದು ಕಳ್ಳತನ. ಪಕ್ಕದ ತೋಟದ ಕಾಯಿ ನಮ್ ಬೇಲಿ ಒಳಗೆ ಬಿದ್ದಿತ್ತು ಅಂತ ಎತ್ಕೊಂಡಂಗೆ" ಎನ್ನುತ್ತಿದ್ದರು. ತೆಂಗಿನ ಸೀಮೆಯ ಮಕ್ಕಳಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಬೇಲಿ ಒಳಗೆ ಬಿದ್ದ ಕಾಯಿಯ ಜಗಳ ನೋಡದೆ ಬೆಳೆದವರು ಆ ಕ್ಲಾಸಿನಲ್ಲಿ ಒಬ್ಬರೂ ಇರಲಿಲ್ಲ.

ಯೋಗಿತಾ ಆ ಮಾತನ್ನು ನೋಟ್ಸಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು. ಎರಡನೇ ವರ್ಷ ಕಿರುಪ್ರಬಂಧಕ್ಕೆ ವಿಷಯ ಆರಿಸುವಾಗ ಬೇರೆಯವರೆಲ್ಲ ವಚನ, ಕಾದಂಬರಿ ಅಂತ ಹೋದರೆ ಇವಳು ಕೊಬ್ಬರಿ ಅಟ್ಟವನ್ನು ಆರಿಸಿಕೊಂಡಳು. ಅಟ್ಟದಲ್ಲಿ ಕಾಯಿ ಹೇಗೆ ಕೊಬ್ಬರಿಯಾಗುತ್ತದೆ, ಅದನ್ನು ನೋಡಿಕೊಳ್ಳುವ ಹೆಂಗಸರು ಏನೇನು ಬಲ್ಲರು ಅನ್ನುವುದು ಅವಳ ವಿಷಯ. ದಯಾನಂದ್ ಸಾರೇ ಮಾರ್ಗದರ್ಶಕರು. ಭೇಷ್ ಅಂದರು.

ಹೇಳಿಕೊಡುವುದಕ್ಕೆ ಮನೆಯವರೇ ಒಬ್ಬರಿದ್ದರು. ಅಪ್ಪನ ಅಕ್ಕ ಗುರುಸಿದ್ದಮ್ಮ, ಅಮ್ಮಸಂದ್ರದ ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋಗಿ ನಲವತ್ತು ವರ್ಷವಾದವಳು. ಅವಳ ಮನೆಯ ಅಟ್ಟದಲ್ಲಿ ಕಾಯಿಗಳು ಸಿಪ್ಪೆಯ ಸಮೇತ ಹತ್ತು ಹನ್ನೊಂದು ತಿಂಗಳು ಕೂತಿರುತ್ತಿದ್ದವು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವ ತನಕ ಅವಕ್ಕೆ ಅಲ್ಲೇ ವಾಸ. ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಅತ್ತೆ ಒಡೆದು ನೋಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸುತ್ತಿದ್ದಳು, ಅಷ್ಟೆ.

"ನೀರು ತುಳುಕ್ತದಲ್ಲ, ಅದು ಬಸುರಿ ಕಾಯಿ. ನೀರು ಹಿಂಗಿ ಸದ್ದೇ ಬರ್ದಂಗಾಯ್ತದಲ್ಲ, ಅದು ಬಾಯಿ ಕಟ್ಟಿದ ಕಾಯಿ. ಅದುನ್ನ ಮುಟ್ಬ್ಯಾಡ, ಒಳ್ಗೇ ಕುಂತು ಯೋಚ್ನೆ ಮಾಡ್ತಿರ್ತದೆ. ಆಮ್ಯಾಕೆ ಒಂದಿನ ಗೊಟಗೊಟ ಅಂತದೆ ನೋಡು, ಅದು ಮಾತು ಬಂದ ಕಾಯಿ. ಮಾತು ಬಂದುದ್ನ ಮನೇಲಿ ಇಟ್ಕೋಬಾರ್ದು, ಸುಲ್ದು ಕಳುಸ್ಬೇಕು."

ಈ ಮಾತನ್ನು ಯೋಗಿತಾ ಲಂಗ ಹಾಕುವ ವಯಸ್ಸಿನಿಂದ ಕೇಳಿದ್ದಳು. ಯಾವಾಗ ಕೇಳಿದರೂ ಅತ್ತೆ ಒಂದಕ್ಷರ ಆಚೀಚೆ ಮಾಡದೆ ಹೀಗೆಯೇ ಹೇಳುತ್ತಿದ್ದಳು. ಈ ಹೆಸರುಗಳನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ, ಮಾತಾಡುವುದಕ್ಕೆ ಯಾರೂ ಇಲ್ಲದ ಮನೆಯಲ್ಲಿ, ಅಟ್ಟದ ಮೇಲೆ ಒಬ್ಬಳೇ ಕೂತು ಕಾಯಿ ಆರಿಸುತ್ತ ತಾನೇ ಇಟ್ಟುಕೊಂಡ ಹೆಸರುಗಳವು. ಆ ಊರಲ್ಲಿ ಬೇರೆ ಯಾರ ಮನೆಯಲ್ಲೂ ಹಾಗೆ ಕರೆಯುವುದಿಲ್ಲ.

ಯೋಗಿತಾ ಪ್ರಬಂಧದ ಮೂರನೇ ಅಧ್ಯಾಯವನ್ನು ಪೂರ್ತಿ ಇದರ ಮೇಲೆಯೇ ಕಟ್ಟಿದಳು. ಫೋನಿನಲ್ಲಿ ಅತ್ತೆಯ ಮಾತು ರೆಕಾರ್ಡ್ ಮಾಡಿಕೊಂಡು, ಇದ್ದದ್ದು ಇದ್ದ ಹಾಗೆ ಬರೆದಳು. ಬರೆದವಳು ಅತ್ತೆಯ ಹೆಸರನ್ನು ಮಾತ್ರ ಬರೆಯಲಿಲ್ಲ. ಜಾನಪದದ ಪ್ರಬಂಧಗಳಲ್ಲಿ ಮಾಹಿತಿ ಹೇಳಿದವರನ್ನು ವಕ್ತೃ ಅಂತ ಕರೆದು, ಕೊನೆಯಲ್ಲಿ ಅವರ ಹೆಸರು, ವಯಸ್ಸು, ಊರು, ಭೇಟಿಯಾದ ದಿನ ಎಲ್ಲ ಕೊಡಬೇಕು. ಬೇರೆ ಬೇರೆ ಊರಿನ ಹನ್ನೊಂದು ಜನರನ್ನು ಅವಳು ಹಾಗೆ ಅಚ್ಚುಕಟ್ಟಾಗಿ ಪಟ್ಟಿ ಮಾಡಿದ್ದಳು. ಸ್ವಂತ ಅತ್ತೆಯನ್ನು ಹಿಡಿದು 'ವಕ್ತೃ' ಅನ್ನುವುದು ಅವಳಿಗೆ ಯಾಕೋ ನಗೆಪಾಟಲು ಅನ್ನಿಸಿತು. ನೋಡಿದವರು ಊರೂರು ತಿರುಗದೆ ಮನೆಯಲ್ಲೇ ಕೂತು ಬರೆದಿದ್ದಾಳೆ ಅಂದುಕೊಂಡರೆ? ಹಾಗಾಗಿ 'ಈ ಭಾಗದ ಜನ ಹೀಗೆನ್ನುತ್ತಾರೆ' ಅಂತ ಬರೆದು ಮುಂದೆ ಹೋದಳು. ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಹೇಳುತ್ತಲೇ ಇರುತ್ತೇವೆ, ಮಾಡುವುದೂ ಅದನ್ನೇ.

ಮಾರ್ಚಿನಲ್ಲಿ ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಯಿತು. ಈಗ ಕಾಲ ಹಿಂದಿನಂತಿಲ್ಲ, ಪ್ರಬಂಧವನ್ನು ಮೊದಲು ಓದುವುದು ಮನುಷ್ಯರಲ್ಲ, ಸಾಫ್ಟ್‌ವೇರು. ಎಲ್ಲಿಂದ ಎಷ್ಟು ನಕಲಾಗಿದೆ ಅಂತ ಅದು ಲೆಕ್ಕ ಹಾಕಿ ಹೇಳುತ್ತದೆ. ಯೋಗಿತಾಳ ಪ್ರಬಂಧಕ್ಕೆ ಅದು ಶೇಕಡಾ ಮೂವತ್ತೆಂಟು ಅಂದಿತು. ಮೂರನೇ ಅಧ್ಯಾಯಕ್ಕೆ ಉದ್ದಕ್ಕೂ ಕೆಂಪು ಬಣ್ಣ ಬಳಿದಿತ್ತು.

ದಯಾನಂದ್ ಸಾರ್ ಅವಳನ್ನು ಸ್ಟಾಫ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಅವಳದು. ಇನ್ನೊಂದು ಡಾ. ಮೋಹನ್ ಕುಮಾರ್ ಅನ್ನುವ ಹಿರಿಯ ಪ್ರಾಧ್ಯಾಪಕರು ನಾಲ್ಕು ವರ್ಷದ ಹಿಂದೆ ಒಂದು ಪತ್ರಿಕೆಯಲ್ಲಿ ಬರೆದ ಲೇಖನ. ಬಸುರಿ ಕಾಯಿ, ಬಾಯಿ ಕಟ್ಟಿದ ಕಾಯಿ, ಮಾತು ಬಂದ ಕಾಯಿ ಮೂರೂ ಅಲ್ಲಿದ್ದವು. 'ಒಳಗೇ ಕುಂತು ಯೋಚ್ನೆ ಮಾಡ್ತಿರ್ತದೆ' ಅನ್ನುವುದೂ ಇತ್ತು. ಕೆಳಗೆ, 'ಪ್ರಸ್ತುತ ಲೇಖಕರು ತಮ್ಮ ಕ್ಷೇತ್ರಕಾರ್ಯದಲ್ಲಿ ಗುರುತಿಸಿ ಹೆಸರಿಸಿದ ಮೂರು ಹಂತಗಳು' ಅಂತಿತ್ತು.

ಯೋಗಿತಾ ಆ ಸಾಲಿನ ಮೇಲೆ ಬೆರಳಿಟ್ಟಳು. "ಸಾರ್, ಇದು ನಮ್ಮತ್ತೆ ಮಾತು. ನಮ್ಮತ್ತೇನೇ ಕಟ್ಟಿದ್ದು ಸಾರ್."

"ಇರ್ಬಹುದಮ್ಮ. ಹೆಂಗೆ ತೋರಿಸ್ತೀಯ?"

"ರೆಕಾರ್ಡಿಂಗ್ ಐತೆ ಸಾರ್."

"ಯಾವಾಗಿಂದು?"

"ಹೋದ್ ದೀಪಾವಳೀಲಿ ಮಾಡಿದ್ದು."

"ಲೇಖನ ಬಂದು ನಾಲ್ಕ್ ವರ್ಷ ಆಯ್ತು. ನೀನೇ ಲೇಖನ ಓದಿ ಅವರ ಕೈಲಿ ಹೇಳಿಸ್ದೆ ಅಂತಾರೆ." ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗ್ಲಿ, ನಿನ್ನ ವಕ್ತೃಗಳ ಪಟ್ಟೀಲಿ ಅವರ ಹೆಸರಿದ್ಯಾ? ಒಂದೇ ಒಂದು ಕಡೆ ಇದ್ರೂ ನಾನು ಮಾತಾಡ್ತೀನಿ."

ಸಾರ್ ಪುಟ ತಿರುಗಿಸಿ ಆ ಹನ್ನೊಂದು ಹೆಸರುಗಳ ಮೇಲೆ ಬೆರಳಾಡಿಸಿದರು, ಗುರುಸಿದ್ದಮ್ಮನ ಹೆಸರು ಇರಲಿಲ್ಲ. ಎರಡು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದ್ದು ಇದನ್ನೇ ಅಲ್ಲವೇ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಯೋಗಿತಾಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವತ್ತು ಸಂಜೆ ಅತ್ತೆಗೆ ಫೋನ್ ಮಾಡಿದಳು. ನಾಲ್ಕು ವರ್ಷದ ಹಿಂದೆ ಯಾರಾದರೂ ಬಂದಿದ್ದರೇ?

"ಬಂದಿದ್ರು ಕಣೇ, ಸಾಹೇಬ್ರೊಬ್ರು! ಕಾರಲ್ಲಿ ಬಂದಿದ್ರು. ಒಳ್ಳೇರು. ಎರಡ್ ದಿನ ನಮ್ಮನೇಲೇ ಊಟ ಮಾಡುದ್ರು. ಅಟ್ಟದ್ ಮ್ಯಾಕೆ ನನ್ ಪಕ್ಕದಾಗೆ ಕುಂತ್ಕಂಡು ಕಾಯಿ ಅಲ್ಲಾಡ್ಸಿ ಅಲ್ಲಾಡ್ಸಿ ನೋಡುದ್ರು. ಹೋಗೋವಾಗ ಕಾಲಿಗೆ ನಮಸ್ಕಾರ ಮಾಡಕ್ ಬಂದ್ರು, ನಾನೇ ಬ್ಯಾಡ ಅಂದೆ."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು, ಉಪಯೋಗ ಮಾತ್ರ ಏನೂ ಆಗಲಿಲ್ಲ. ಯಾಕೆಂದರೆ ಯೋಗಿತಾಳ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರಬೇಕಾದ ಪರೀಕ್ಷಕರು ಇದೇ ಮೋಹನ್ ಕುಮಾರ್. ಕೊಬ್ಬರಿಯ ವಿಷಯ ತಿಳಿದವರು ಅಂತ ವಿಶ್ವವಿದ್ಯಾಲಯ ಹುಡುಕಿ ನೇಮಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ಯಾರಿಗೆ ದೂರುವುದು? ಕೃತಿಚೌರ್ಯ ಅಂತ ತೀರ್ಮಾನವಾದರೆ ಪ್ರಬಂಧ ತಿರಸ್ಕಾರ, ಒಂದು ವರ್ಷ ಹಾಳು. ಅವಳಿಗೆ ಪದವಿಯೂ ಬೇಕಿತ್ತು, ಆ ಮೂರು ಹೆಸರು ಅತ್ತೆಯ ಹೆಸರಲ್ಲೇ ಉಳಿಯುವುದೂ ಬೇಕಿತ್ತು.

ಕೊನೆಗೆ ದಯಾನಂದ್ ಸಾರೇ ಒಂದು ದಾರಿ ಹುಡುಕಿದರು. "ಮೌಖಿಕದ ದಿನ ನಿಮ್ಮತ್ತೇನ ಕರ್ಕೊಂಡ್ ಬಾ. ವಿಭಾಗದ ಮುಖ್ಯಸ್ಥರೂ ಇರ್ತಾರೆ. ಎಲ್ಲರ ಎದುರಿಗೆ ಅವರು 'ಇದು ನಂದು, ನಾನೇ ಇವರಿಗೆ ಹೇಳಿದ್ದು' ಅಂತ ಒಂದು ಮಾತಂದ್ರೆ ಸಾಕು. ಮಿಕ್ಕಿದ್ದು ನಾನು ಬರ್ಕೊಳ್ತೀನಿ."

ಮೌಖಿಕದ ದಿನ ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು, ಕರೆಯಲು ಹೋದ ಯೋಗಿತಾಳ ಜೊತೆ ಹೊರಟಳು. ಚೀಲದಲ್ಲಿ ಹನ್ನೆರಡು ಉಂಡೆ ಕೊಬ್ಬರಿ, ಒಂದಕ್ಕಿಂತ ಒಂದು ದಪ್ಪ.

"ಇದ್ಯಾಕತ್ತೆ?"

"ಅಯ್ಯೋ, ದೊಡ್ಡೋರ್ ತಾವ್ಕೆ ಬರಿಗೈಲಿ ಹೋಗಾರಾ?"

ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿ ತಿಪಟೂರು ಬರುವವರೆಗೂ ಯೋಗಿತಾ ಅತ್ತೆಯ ಕಿವಿಯಲ್ಲಿ ಒಂದೇ ಮಾತು ಹೇಳಿದಳು. ಕೇಳಿದಾಗ 'ನಂದು' ಅನ್ನಬೇಕು. ಬೇರೇನೂ ಅನ್ನಬಾರದು. "ಹ್ಞೂ ಕಣೇ, ಅಂತೀನಿ ಬುಡು. ಎಷ್ಟ್ ಸಲ ಯೋಳ್ತೀಯ, ನಾನೇನ್ ಮಗಾನಾ?" ಅಂದಳು ಅತ್ತೆ. ಅನ್ನುತ್ತಲೇ ಕಿಟಕಿಯಾಚೆ ಯಾರದೋ ತೋಟದ ಮರಗಳಿಗೆ ನುಸಿ ಬಿದ್ದಿದ್ದನ್ನು ನೋಡಿ ಲೊಚಗುಟ್ಟಿದಳು.

ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಮುಖ್ಯಸ್ಥರು, ಒಂದು ಕಡೆ ದಯಾನಂದ್ ಸಾರ್ ಬಿಳಿ ಕಾಗದ ಹಿಡಿದು, ಇನ್ನೊಂದು ಕಡೆ ಮೋಹನ್ ಕುಮಾರ್. ಬೆಳ್ಳಗಿನ ಕೂದಲು, ಶಾಂತ ಮುಖ. ಅತ್ತೆ ಹೊಸ್ತಿಲು ದಾಟಿದ್ದೇ ತಡ, ಅವರನ್ನು ಕಂಡು ಅವಳ ಮುಖ ಅರಳಿಹೋಯಿತು.

"ಅಯ್ಯೋ ಸ್ವಾಮೇರು! ನೀವಾ? ಚೆಂದಾಗಿದ್ದೀರಾ? ಸೊರಗೋಗಿದ್ದೀರಲ್ಲ!"

ಮೋಹನ್ ಕುಮಾರ್ ಎದ್ದು ನಿಂತು ಕೈ ಮುಗಿದರು. "ಬನ್ನಿ ತಾಯಿ, ಕೂತ್ಕೊಳ್ಳಿ. ನಿಮ್ಮನೇಲಿ ತಿಂದ ಅಕ್ಕಿರೊಟ್ಟಿ ಇನ್ನೂ ನೆನಪೈತೆ" ಅಂದರು. ಅತ್ತೆ ಕೂರಲಿಲ್ಲ. ಕೊಬ್ಬರಿಯ ಚೀಲವನ್ನು ಅವರ ಮುಂದೆಯೇ ಮೇಜಿನ ಮೇಲಿಟ್ಟಳು. ಯೋಗಿತಾ ಸಾಕ್ಷಿಯನ್ನು ಕರೆತಂದಿದ್ದಳು, ಅತ್ತೆ ನೆಂಟರ ಮನೆಗೆ ಬಂದಿದ್ದಳು.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು ಕೇಳಿದರು. "ನೋಡಮ್ಮ, ಬಸುರಿ ಕಾಯಿ, ಬಾಯಿ ಕಟ್ಟಿದ ಕಾಯಿ ಅಂತೆಲ್ಲ ಬರೆದಿದಾರೆ. ಈ ಹೆಸರುಗಳನ್ನ ಹೇಳಿದ್ದು ನೀವಾ, ಇಲ್ಲಾ ಈ ಸಾರಾ? ಭಯ ಪಡ್ದೆ ಹೇಳಿ."

ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಒಂದು ಸಲ ಯೋಗಿತಾಳ ಕಡೆ ನೋಡಿದಳು, ಒಂದು ಸಲ ಮನೆಯಲ್ಲಿ ಉಂಡು ಹೋದ ಆ ದೊಡ್ಡ ಮನುಷ್ಯರ ಕಡೆ ನೋಡಿದಳು. ನಾಚಿ ನಕ್ಕಳು.

"ಅಯ್ಯೋ, ನಂದೇನೈತೆ ಸ್ವಾಮಿ ಅದ್ರಾಗೆ? ನಾನೇನ್ ಓದ್ದೋಳಾ ಬರ್ದೋಳಾ? ಎಲ್ಲಾ ನಿಮ್ಮಂತ ತಿಳ್ದೋರು ಹೇಳಿದ್ದು. ನಾನೇನ್ ಬಲ್ಲೆ."

ನಮ್ಮ ಕಡೆಯ ಮರ್ಯಾದೆಯೇ ಹೀಗೆ. ಮನೆಗೆ ಕರೆದು ಹೋಳಿಗೆ ಬಡಿಸಿದವರು "ಏನೂ ಮಾಡಿಲ್ಲ, ಬರೀ ಅನ್ನ ಸಾರು" ಅನ್ನುತ್ತಾರೆ. ಆ ಮಾತನ್ನು ನಂಬಿ ಯಾರೂ ಹೋಳಿಗೆ ಬಿಟ್ಟು ಏಳುವುದಿಲ್ಲ. ಉಂಡು ಹೋದವರ ಮುಖಕ್ಕೆ ನೇರವಾಗಿ "ಅದು ನಂದು" ಅನ್ನುವುದೆಂದರೆ ಹಾಕಿದ ಅನ್ನವನ್ನು ಎತ್ತಿ ಆಡಿದಂತೆ. ಗುರುಸಿದ್ದಮ್ಮನ ಬಾಯಿಂದ ಆ ಮಾತು ಸತ್ತರೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹ್ಞೂ ಅಂದದ್ದು ತಮ್ಮನ ಮಗಳ ಸಮಾಧಾನಕ್ಕೆ, ಅಷ್ಟೆ.

"ಅತ್ತೆ, ಸರಿಯಾಗಿ ಹೇಳತ್ತೆ! ಅಟ್ಟದ ಮೇಲೆ ನೀನೇ..." ಯೋಗಿತಾ ಎದ್ದೇಬಿಟ್ಟಳು.

"ನೀನು ಸುಮ್ಮನಿರಮ್ಮ. ಹೇಳಿಕೊಟ್ಟ ಹಾಗಾಗುತ್ತೆ" ಅಂದರು ಮುಖ್ಯಸ್ಥರು.

ಯೋಗಿತಾ ದಯಾನಂದ್ ಸಾರ್ ಕಡೆ ತಿರುಗಿದಳು. ಅವರು ತಲೆ ಎತ್ತಲಿಲ್ಲ. ಆಮೇಲೆ ಮೋಹನ್ ಕುಮಾರ್ ಕಡೆ ನೋಡಿದಳು. ಅವರು ಚಿಕ್ಕನಾಯಕನಹಳ್ಳಿ ಕಡೆಯವರೇ, ಹೋಳಿಗೆಯ ಊಟಕ್ಕೆ ಕೂತು ಬೆಳೆದವರೇ. ಆ ಮಾತಿಗೆ ಏನರ್ಥ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಇಲ್ಲ ತಾಯಿ, ನೀವೇ ಹೇಳಿದ್ದು" ಅಂತ ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನುತ್ತಾರೇನೋ ಅಂತ ಯೋಗಿತಾ ಕಾದಳು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಮನಸ್ಸಿನಲ್ಲೇ ಅವರ ಕಾಲು ಹಿಡಿದಳು. ಅವರು ಚೀಲದಿಂದ ಒಂದು ಉಂಡೆ ಕೊಬ್ಬರಿ ತೆಗೆದು, ಅಂಗೈಯಲ್ಲಿ ತಿರುಗಿಸಿ ನೋಡಿ, "ಒಳ್ಳೇ ಕೊಬ್ಬರಿ" ಅಂದರು.

ದಯಾನಂದ್ ಸಾರ್ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳದೆ ಅತ್ತೆಯ ಮುಂದೆ ಸರಿಸಿ ಪೆನ್ನು ಕೊಟ್ಟರು. ಅತ್ತೆಗೆ ತನ್ನ ಹೆಸರೊಂದನ್ನು ಬರೆಯಲು ಬರುತ್ತಿತ್ತು. ಮಹಿಳಾ ಸಂಘದ ಮೀಟಿಂಗಿಗೆ ಹೋಗಿ ಕಲಿತದ್ದು. ನಾಲಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಒತ್ತಕ್ಷರಗಳನ್ನು ಬಿಡದೆ, ಗುಂಡಗೆ ಬರೆದು ಕಾಗದ ಹಿಂದಕ್ಕೆ ಕೊಟ್ಟಳು. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರೆ. ಈಗ ಅದಕ್ಕೆ ರುಜುವೂ ಬಿತ್ತು.

ಆಮೇಲೆ ಮೋಹನ್ ಕುಮಾರ್ ಬಹಳ ದೊಡ್ಡ ಮನಸ್ಸು ಮಾಡಿದರು. "ಚಿಕ್ಕ ಹುಡುಗಿ, ತಿಳೀದೆ ಮಾಡಿದ್ದಾಳೆ. ಮೂರನೇ ಅಧ್ಯಾಯಕ್ಕೆ ನನ್ನ ಲೇಖನದ ಉಲ್ಲೇಖ ಕೊಡ್ಲಿ, ಸಾಕು. ವರ್ಷ ಹಾಳು ಮಾಡೋದು ಬೇಡ" ಅಂದರು. ಮುಖ್ಯಸ್ಥರು ಅವರಿಗೆ ಧನ್ಯವಾದ ಹೇಳಿದರು. ಅತ್ತೆಯೂ ಕೈ ಮುಗಿದಳು. ತನ್ನ ಹುಡುಗಿಯ ಓದು ಉಳಿಯಿತು ಅನ್ನುವಷ್ಟು ಅವಳಿಗೆ ಅರ್ಥವಾಗಿತ್ತು.

ಹೊರಗೆ ಜಗಲಿಯಲ್ಲಿ ಯೋಗಿತಾ ದಯಾನಂದ್ ಸಾರನ್ನು ಅಡ್ಡಗಟ್ಟಿದಳು. "ಸಾರ್, ವಕ್ತೃಗಳ ಪಟ್ಟೀಲಾದ್ರೂ ನಮ್ಮತ್ತೆ ಹೆಸರು ಸೇರಿಸ್ಲಾ? ಹನ್ನೆರಡನೇದಾಗಿ?"

"ಹೆಂಗಮ್ಮ ಸೇರಿಸ್ತೀಯ? ಅವರೇ ಹೇಳಿಲ್ಲ ಅಂತ ಸೈನ್ ಹಾಕವ್ರೆ. ಸೇರಿಸಿದ್ರೆ ಅದೊಂದು ಸುಳ್ಳಾಗುತ್ತೆ." ಸಾರ್ ಕೈಲಿದ್ದ ಹೇಳಿಕೆಯ ಕಾಗದವನ್ನು ಅವಳಿಗೆ ಕೊಟ್ಟರು. "ಆ ಹೇಳಿಕೇನ ಅನುಬಂಧದಲ್ಲಿ ಹಾಕಿ ಬೈಂಡ್ ಮಾಡಿಸ್ಬೇಕಂತೆ. ಆಫೀಸಿನೋರು ಕೇಳ್ತಾರೆ. ಟೈಪ್ ಮಾಡ್ಸಿ, ಕೆಳಗೆ ಸೈನ್ ಸ್ಕ್ಯಾನ್ ಮಾಡಿ ಹಾಕ್ಸು." ಅವರ ದನಿಯಲ್ಲಿ ಬೇಸರವಿತ್ತು. ಆದರೆ ಅವರಿಗೂ ಬಡ್ತಿ ಬಾಕಿ ಇತ್ತು, ಆ ಬಡ್ತಿಯ ಸಮಿತಿಯಲ್ಲಿ ಮೋಹನ್ ಕುಮಾರ್ ಇದ್ದರು.

ಅಡಿಟಿಪ್ಪಣಿ ಬರೆಯುವುದನ್ನು ಯೋಗಿತಾ ಚೆನ್ನಾಗಿಯೇ ಕಲಿತಿದ್ದಳು. ಲೇಖಕರ ಹೆಸರು, ಲೇಖನದ ಹೆಸರು, ಪತ್ರಿಕೆ, ವರ್ಷ, ಪುಟ. ಬಸುರಿ ಕಾಯಿಗೆ ಒಂದು, ಬಾಯಿ ಕಟ್ಟಿದ ಕಾಯಿಗೆ ಒಂದು, ಮಾತು ಬಂದ ಕಾಯಿಗೆ ಒಂದು. ಹದಿನಾಲ್ಕು ಕಡೆ ಮೋಹನ್ ಕುಮಾರ್ ಹೆಸರು ಹಾಕಿದಳು. ಒಂದು ಅಲ್ಪವಿರಾಮವೂ ತಪ್ಪಲಿಲ್ಲ. ಮತ್ತೆ ಪರೀಕ್ಷಿಸಿದಾಗ ಸಾಫ್ಟ್‌ವೇರು ಶೇಕಡಾ ಆರು ಅಂತ ತೋರಿಸಿ ಹಸಿರು ಬಣ್ಣ ಕೊಟ್ಟಿತು. ಬಸ್ ಸ್ಟ್ಯಾಂಡ್ ಹತ್ತಿರದ ಮುನಾಫ್ ಸಾಬರ ಅಂಗಡಿಯಲ್ಲಿ ನೀಲಿ ರಟ್ಟು ಹಾಕಿ ಬೈಂಡ್ ಮಾಡಿಸಿದಳು. ಹೇಳಿಕೆಯ ಹಾಳೆಯನ್ನು ಕೊನೆಗಿಡುತ್ತ ಮುನಾಫ್ ಸಾಬರು, "ಯಾರ್ದು ಮೇಡಂ ಈ ರುಜು? ಅಕ್ಷರ ಮುತ್ತಿನಂಗೈತೆ" ಅಂದರು.

ಪದವಿ ಬಂತು. ಪ್ರಬಂಧದ ಒಂದು ಪ್ರತಿ ಕೊಡಲೇಬೇಕು ಅಂತ ಅತ್ತೆ ಹಟ ಹಿಡಿದಳು. ನಾಳೆ ನಾಡಿದ್ದು ಅಂತ ಎರಡು ತಿಂಗಳು ತಪ್ಪಿಸಿಕೊಂಡು, ಕೊನೆಗೊಂದು ಭಾನುವಾರ ಮಧ್ಯಾಹ್ನ ಯೋಗಿತಾ ತೆಗೆದುಕೊಂಡು ಹೋದಳು. ಅತ್ತೆ ಸೀರೆಗೆ ಕೈ ಒರೆಸಿಕೊಂಡು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಓದಲು ಬಾರದಿದ್ದರೂ ಒಂದೊಂದೇ ಹಾಳೆ ತಿರುವಿದಳು. ಕಾಯಿಯ ಚಿತ್ರ ಬಂದಲ್ಲಿ ನಿಂತಳು, ಅಟ್ಟದ ಫೋಟೋ ಬಂದಲ್ಲಿ ನಕ್ಕಳು. ಕೊನೆಯ ಹಾಳೆಗೆ ಬಂದವಳು ತಟ್ಟನೆ ಕೂಗಿಕೊಂಡಳು.

"ಏ ಯೋಗೀ, ನನ್ ಹೆಸ್ರು! ನಾನ್ ಬರ್ದಿದ್ದೇ ಐತಲ್ಲೇ!" ಬೆರಳಿಂದ ಆ ಗುಂಡಗಿನ ಅಕ್ಷರಗಳನ್ನು ಸವರಿದಳು. "ಮ್ಯಾಲೆ ಏನ್ ಬರ್ದವ್ರೆ, ಓದು."

"ಅದು... ಆಫೀಸಿಂದು ಅತ್ತೆ. ಏನಿಲ್ಲ. ಕೊಡಿಲ್ಲಿ."

ಅತ್ತೆ ಕೊಡಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಜಗಲಿಗೆ ಹೋಗಿ ಪಕ್ಕದ ಮನೆಯ ನಯನಳನ್ನು ಕೂಗಿದಳು. ಪಿಯುಸಿ ಓದುವ ಹುಡುಗಿ, ಕಂಚಿನ ಕಂಠ. ಅವಳ ಹಿಂದೆಯೇ ಅವಳ ತಾಯಿಯೂ ಅಜ್ಜಿಯೂ ಬಂದರು. "ಯೋಗಿ ಬುಕ್ಕಲ್ಲಿ ನನ್ ಹೆಸ್ರು ಹಾಕವ್ಳೆ, ಬನ್ನಿ ಬನ್ನಿ. ಓದವ್ವ, ಜೋರಾಗೋದು" ಅಂದಳು ಅತ್ತೆ. ಯೋಗಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೋಗಿ ಕಿತ್ತುಕೊಳ್ಳಬೇಕು ಅಂತ ಕೈಗೆ ಹೇಳಿದಳು, ಕೈ ಕೇಳಲಿಲ್ಲ.

ನಯನ ಗಂಟಲು ಸರಿಮಾಡಿಕೊಂಡು ಓದಿದಳು. "ಗುರುಸಿದ್ದಮ್ಮ ಆದ ನಾನು ಹೇಳುವುದೇನೆಂದರೆ, ಸದರಿ ಪ್ರಬಂಧದಲ್ಲಿ ಬಂದಿರುವ ಬಸುರಿ ಕಾಯಿ, ಬಾಯಿ ಕಟ್ಟಿದ ಕಾಯಿ, ಮಾತು ಬಂದ ಕಾಯಿ ಎಂಬ ಹೆಸರುಗಳು ನನ್ನವಲ್ಲ. ನಾನು ಓದು ಬರಹ ಬಲ್ಲವಳಲ್ಲ. ಇವುಗಳನ್ನು ಡಾ. ಮೋಹನ್ ಕುಮಾರ್ ಅವರಂಥ ತಿಳಿದವರು ಹೇಳಿರುತ್ತಾರೆ. ಈ ಹೇಳಿಕೆಯನ್ನು ಯಾರ ಒತ್ತಾಯವೂ ಇಲ್ಲದೆ ನೀಡಿರುತ್ತೇನೆ."

ಓದಿ ಮುಗಿಸಿದ ಹುಡುಗಿ ಪುಸ್ತಕ ಮುಚ್ಚಿದಳು. ಅತ್ತೆಯ ನಗು ಮುಖದ ಮೇಲೆ ಇನ್ನೂ ಹಾಗೆಯೇ ಇತ್ತು, ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ನಂದಲ್ಲ ಅಂತ ನಾನ್ಯಾವಾಗಂದೆ, ಯೋಗೀ?"

"ಅವತ್ತು ಅಂದ್ಯಲ್ಲತ್ತೆ. ನಂದೇನೈತೆ ಅಂದೆ."

"ಅದು ಮರ್ಯಾದೆಗೆ ಅಂದಿದ್ದು ಕಣೇ. ದೊಡ್ಡೋರ್ ಮುಂದೆ ಇನ್ನೇನಂತಾರೆ?" ಅತ್ತೆ ಜಗಲಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. "ಅವ್ರೂ ನಮ್ ಕಡೇರೇ ಅಲ್ವಾ? ಹಂಗಂದ್ರೆ ಏನು ಅಂತ ಅವ್ರಿಗೆ ಗೊತ್ತಾಗ್ನಿಲ್ವಾ?"

"ಗೊತ್ತಾಯ್ತತ್ತೆ" ಅಂದಳು ಯೋಗಿತಾ. "ಅಲ್ಲಿದ್ದ ಮೂವರಿಗೂ ಗೊತ್ತಾಯ್ತು."